ತೂತು ಮುಚ್ಚಿದ ಕುಂಡ

ಒದ್ದೆ ನನಗೆ ಆಗದು. ಒದ್ದೆ ಪಡಸಾಲೆ, ಹಿಂಡದೆ ಮೂಲೆಗೆ ಎಸೆದ ಒರೆಸುವ ಅರಿವೆ, ತಳದಲ್ಲಿ ಹಳೆಯ ನೀರು ನಿಂತ ತಂಬಿಗೆ, ಇವುಗಳನ್ನು ಕಂಡರೆ ಈ ವಯಸ್ಸಿನಲ್ಲೂ ಎದ್ದು ಒರೆಸಿಡದೆ ಕೂರಲಾರೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಮೊನ್ನೆ ಅವರಲ್ಲಿ ಒಬ್ಬಳು ಪೇಟೆಯಿಂದ ಗುಂಡನೆಯ ಕಳ್ಳಿಯೊಂದನ್ನು ತಂದು ಕಿಟಕಿಯಲ್ಲಿಟ್ಟಳು. ಇಟ್ಟ ಗಳಿಗೆಯಲ್ಲೇ ತಂಬಿಗೆ ಹಿಡಿದು ಬಂದಳು. ಪ್ರೀತಿ ಉಕ್ಕಿದ ಕೂಡಲೇ ನೀರು ಸುರಿಯುವುದು ನಮ್ಮ ಜನರ ಹಳೆಯ ಚಾಳಿ. ತಂಬಿಗೆ ಕಿತ್ತುಕೊಂಡು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಯಾಕೆಂದರೆ ಅವಳು ಪೂರ್ತಿ ಕೇಳಲಿಲ್ಲ.

ಶಿಕ್ಷಕಿಯ ತರಬೇತಿಗೆಂದು ನಾನು ಧಾರವಾಡದಲ್ಲಿದ್ದೆ. ನಮ್ಮ ವಸತಿಗೃಹದಲ್ಲಿ ಎಲ್ಲಕ್ಕೂ ಗಂಟೆ. ಏಳಲು ಗಂಟೆ, ಸ್ನಾನಕ್ಕೆ ಗಂಟೆ, ರೊಟ್ಟಿ ಬಡಿಯಲು ಗಂಟೆ, ದೀಪ ಆರಿಸಲು ಗಂಟೆ. ಬಚ್ಚಲಿನಿಂದ ಕಾಲು ಒರೆಸದೆ ಹೊರಬಂದ ಹುಡುಗಿ ಆ ದಿನ ಇಡೀ ಕಟ್ಟಡದ ನೆಲ ಒರೆಸಬೇಕು. ಮೇಲ್ವಿಚಾರಕಿಯನ್ನು ನಾವು ಬಾಯಿಯವರು ಎನ್ನುತ್ತಿದ್ದೆವು. ಅವರ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಕುಂಡಗಳಿದ್ದವು, ಅವುಗಳಲ್ಲಿ ಕಳ್ಳಿಯೂ ಇತ್ತು. ಪಾಳಿಯ ಹುಡುಗಿ ನೀರು ಹಿಡಿದು ಹೋದರೆ ಬಾಯಿಯವರು ಮೊದಲು ನೀರನ್ನು ಕೆಳಗಿಡಿಸಿ ಕುಂಡವನ್ನು ಎತ್ತಲು ಹೇಳುತ್ತಿದ್ದರು. ಭಾರವಿದ್ದರೆ ನೀರು ಬೇಡ. ಸಂಶಯ ಬಂದರೆ ಕಸಬರಿಗೆಯ ಕಡ್ಡಿಯನ್ನು ತಳದವರೆಗೆ ಚುಚ್ಚಿ ಎಳೆಯಬೇಕು. ಮಣ್ಣು ಮೆತ್ತಿಕೊಂಡು ಬಂದರೆ ಬೇಡ. ಮೇಲಿನ ಮಣ್ಣು ಒಣಗಿದ್ದು ಲೆಕ್ಕಕ್ಕಿಲ್ಲ, ತಳ ಒಣಗಬೇಕು. ಹಾಕುವ ದಿನ ಕೆಳಗಿನ ತೂತಿನಿಂದ ಹರಿದು ಬರುವಷ್ಟು ಹಾಕಬೇಕು, ಹರಿದದ್ದನ್ನು ಚೆಲ್ಲಬೇಕು, ಆಮೇಲೆ ಗಿಡವನ್ನು ಮರೆತುಬಿಡಬೇಕು. ಮಳೆಗಾಲದಲ್ಲಿ, ಚಳಿಯಲ್ಲಿ, ಕಳ್ಳಿಯ ಹತ್ತಿರ ನೀರು ಹಿಡಿದು ಸುಳಿಯಲೇಬಾರದು. ಇಷ್ಟೇ ವಿದ್ಯೆ. ಒಂದು ತಂಬಿಗೆ ನೀರನ್ನು ಹಾಕದೆ ಇರುವ ವಿದ್ಯೆ. ಆದರೆ ಇದನ್ನು ಕಲಿಸುವಷ್ಟು ಕಷ್ಟ ಮಗ್ಗಿ ಕಲಿಸುವುದರಲ್ಲೂ ಇಲ್ಲ.

ತರಬೇತಿ ಮುಗಿದ ಮೇಲೆ ನನಗೆ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವಾಯಿತು. ನಮ್ಮ ಮನೆ ಇದ್ದದ್ದು ಗೋಕಾಕದಲ್ಲಿ. ಅಪ್ಪ ಕೊಣ್ಣೂರ ಕಡೆಯ ಗಾಣಗಳಿಂದ ಬೆಲ್ಲ ತರಿಸಿ ಮಾರುತ್ತಿದ್ದರು. ಆ ಕಡೆ ಹೊಳೆದಂಡೆಯ ಬಂಗಲೆಯಲ್ಲಿದ್ದ ಬಿಳಿಯ ಸಾಹೇಬನೊಬ್ಬ ವರ್ಗವಾಗಿ ಹೋಗುವಾಗ ಮನೆಯ ಸಾಮಾನು ಹರಾಜು ಹಾಕಿದ. ಅಪ್ಪ ಎರಡು ಕುರ್ಚಿ ಹಿಡಿದರು. ಕುರ್ಚಿಗಳ ಜೊತೆ ಅದೇ ಬಂಡಿಯಲ್ಲಿ ಯಾರಿಗೂ ಬೇಡವಾದ ಒಂದು ಕುಂಡವೂ ಬಂದಿಳಿಯಿತು. ಅದರಲ್ಲಿ ತೆಂಗಿನಕಾಯಿಯಷ್ಟು ದಪ್ಪದ ದುಂಡನೆಯ ಕಳ್ಳಿ, ಮೈತುಂಬ ಏಣು, ಏಣಿನುದ್ದಕ್ಕೂ ಮುಳ್ಳು.

"ಬೇಲಿಗಿ ಹಚ್ಚೂ ಕಳ್ಳೀನ ಯಾರರ ಮನಿಯಾಗ ತರ್ತಾರೇನ್ರಿ?" ಎಂದು ಅವ್ವ ಬಾಗಿಲಲ್ಲೇ ಅಡ್ಡ ನಿಂತಳು.

"ಪುಕ್ಕಟ ಬಂದೈತಿ. ಇರ್ಲಿ ಬಿಡ," ಎಂದರು ಅಪ್ಪ. ಅವರಿಗೆ ಪುಕ್ಕಟೆ ಬಂದದ್ದರ ಮೇಲೆ ಬಲು ಗೌರವ.

ಅದನ್ನು ಕೇಳಿ ಪಡೆದವರು ಸೋದರತ್ತೆ, ಅಪ್ಪನ ಅಕ್ಕ. ಅವರನ್ನು ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನರು ಅವರನ್ನು ದನದ ಕೊಟ್ಟಿಗೆಯ ಮುಂಭಾಗಕ್ಕೆ ತಳ್ಳಿದರು. ಸೆಗಣಿ ಬಳಿಯುವುದು, ಆಳುಗಳಿಗೆ ರೊಟ್ಟಿ ಬಡಿಯುವುದು, ದನಗಳ ಉಸಿರಿನಲ್ಲಿ ಮಲಗುವುದು. ಅಪ್ಪ ಒಮ್ಮೆ ಹೋದವರು ಅದನ್ನು ಕಂಡು ಅಕ್ಕನನ್ನು ಬಂಡಿ ಹತ್ತಿಸಿಕೊಂಡು ಬಂದರು. ನಮ್ಮ ಮನೆಯಲ್ಲಿ ಅತ್ತೆಗೆ ಹೊಟ್ಟೆಗಿತ್ತು, ಬಟ್ಟೆಗಿತ್ತು, ಮಲಗಲು ಜಾಗವಿತ್ತು. ಆದರೆ ಮಂದಿ ಬಂದರೆ ಅವರು ಹಿತ್ತಲಿಗೆ. ಮುತ್ತೈದೆಯರಿಗೆ ಅರಿಶಿಣ ಕುಂಕುಮ ಕೊಡುವಾಗ ಅವ್ವ ಅವರಿಗೆ ಯಾವಾಗಲೂ ಒಳಗೊಂದು ಕೆಲಸ ಹುಡುಕಿಕೊಡುತ್ತಿದ್ದಳು.

ಅತ್ತೆ ನಿತ್ಯವೂ ತಪ್ಪದೆ ಲಿಂಗಪೂಜೆ ಮಾಡುವವರು. ಪೂಜೆಯ ನೀರನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲೆಲ್ಲ ಅದು ಹಿತ್ತಲಿನ ಪತ್ರಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಅಪ್ಪ ಬೆಲ್ಲ ತುಂಬಲು ಕೋಣೆ ಕಟ್ಟಿಸಿದಾಗ ಆ ಗಿಡ ಹೋಯಿತು. ಅಂದಿನಿಂದ ಅತ್ತೆ ತಮ್ಮ ಬಟ್ಟಲಿನ ನೀರನ್ನು ಪಡಸಾಲೆಯ ಮೂಲೆಯಲ್ಲಿದ್ದ ಕಳ್ಳಿಯ ಕುಂಡಕ್ಕೆ ಹಾಕತೊಡಗಿದರು. ಬೇಸಿಗೆ ರಜೆಯಲ್ಲಿ ನಾನು ನೋಡಿದಾಗ ಗಿಡ ಗಟ್ಟಿಯಾಗಿತ್ತು. ನಮ್ಮ ಕಡೆಯ ಬಿಸಿಲಿಗೆ ಒಂದು ಪುಟ್ಟ ಬಟ್ಟಲು ನೀರು ಸಂಜೆಯೊಳಗೆ ಆರಿಹೋಗುತ್ತಿತ್ತು, ಉಳಿದದ್ದು ತೂತಿನಿಂದ ಇಳಿಯುತ್ತಿತ್ತು.

"ಮಳಿ ಹಿಡದ ಮ್ಯಾಲ ನಿಲ್ಲಸ್ರಿ ಅತ್ತಿ," ಎಂದು ಹೇಳಿ ಹುಕ್ಕೇರಿಗೆ ಹೋದೆ.

ಮಳೆ ಹಿಡಿಯಿತು. ಅವರು ನಿಲ್ಲಿಸಲಿಲ್ಲ. ನಿಲ್ಲಿಸಲು ಅಷ್ಟರಲ್ಲಿ ಅದು ಅವರೊಬ್ಬರ ಕೈಯಲ್ಲಿ ಉಳಿದಿರಲಿಲ್ಲ.

ನಾಗರ ಪಂಚಮಿಗೆ ನಾನು ಮನೆಗೆ ಬಂದೆ. ಮೋಟಾರು ಇಳಿದು, ಕೆಸರು ದಾಟಿ, ಹೊಸ್ತಿಲ ಮೇಲೆ ಕಾಲಿಡುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಹುಳಿತ ಹಾಲು, ಕೊಳೆತ ಹೂ, ಅವೆರಡರ ಅಡಿಯಲ್ಲಿ ಇನ್ನೊಂದು ದಪ್ಪನೆಯ, ಸಿಹಿಸಿಹಿ ನಾತ. ಪಡಸಾಲೆಯ ತುಂಬ ಹೆಂಗಸರು. ಕಳ್ಳಿಯ ಕುಂಡವನ್ನು ಮೂಲೆಯಿಂದ ತಂದು ನಡುವೆ ಮಣೆಯ ಮೇಲೆ ಇಟ್ಟಿದ್ದರು. ಗಿಡದ ಮೈಗೆಲ್ಲ ವಿಭೂತಿಯನ್ನು ನೀರಲ್ಲಿ ಕಲಸಿ ಬಳಿದಿದ್ದರು. ಮುಳ್ಳು ಮುಳ್ಳಿಗೂ ಬಾಡಿದ ಹೂ ಸಿಕ್ಕಿಸಿದ್ದರು. ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಎದುರುಮನೆಯಾಕೆ ಮುಂದೆ ಕೂತು, ಕೊಬ್ಬರಿ ಬಟ್ಟಲಿನಿಂದ ಅದರ ನೆತ್ತಿಗೆ ಬೆಲ್ಲದ ಹಾಲು ಎರೆಯುತ್ತಿದ್ದಳು. ಪಂಚಮಿಗೆ ಮನೆಯ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಪಾಲು ಹಾಲು ಎರೆಯುವುದು ರೂಢಿ. ಆದರೆ ಅದು ಮಣ್ಣಿನ ನಾಗಪ್ಪನಿಗೆ.

"ದೇವರ ಪಾಲ. ಗುರುವಿನ ಪಾಲ. ಹಿರೀಮಗನ ಪಾಲ. ಸೊಸಿ ಪಾಲ," ಎನ್ನುತ್ತ ಆಕೆ ಎಮ್ಮೆಯ ಪಾಲಿನವರೆಗೂ ಬಂದಳು. ಅವಳ ಹಿಂದೆ ಅಷ್ಟೇ ದೊಡ್ಡ ಮನೆಗಳ ಹೆಂಗಸರು ಅಷ್ಟೇ ತುಂಬಿದ ಗಿಂಡಿ ಹಿಡಿದು ಕಾದಿದ್ದರು.

ನನ್ನನ್ನು ಕಂಡು ಕಾಕು ಬಾಯಿತುಂಬ ನಕ್ಕಳು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಆಕೆಯ ಬಾಯಲ್ಲಿ ಆ ಮಾತು ಚುಚ್ಚುವಂತೆ ಬರುತ್ತಿತ್ತು.

"ಬರ್ರಿ ಅಕ್ಕೋರ, ಬರ್ರಿ. ನೀವೂ ಒಂದ ಪಾಲ ಹಾಕ್ರಿ. ಗಂಡನ ಪಾಲ ಅಂತ ಈಗಿಂದ ಹಾಕ್ಕೋಂತ ಬಂದ್ರ ಮುಂದ ಯಾವನರ ಸಿಕ್ಕಾನು."

"ಸಿಕ್ಕ ಮ್ಯಾಲ ಅವನ ಬಾಯಾಗ ಹಾಕ್ತೀನ್ರಿ ಕಾಕು. ಹಾಲರ ಉಳೀತಾವು."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆದರೆ ನನ್ನ ಕಣ್ಣು ಅತ್ತೆಯ ಮೇಲಿತ್ತು. ಅವರು ಕುಂಡದ ಪಕ್ಕದಲ್ಲಿ, ಪಡಸಾಲೆಯ ನಟ್ಟ ನಡುವೆ ಕೂತು ಬಂದವರಿಗೆಲ್ಲ ವಿಭೂತಿ ಕೊಡುತ್ತಿದ್ದರು. ಮುತ್ತೈದೆಯರು ಬಗ್ಗಿ ಅವರ ಕೈಯಿಂದ ಇಸಿದುಕೊಳ್ಳುತ್ತಿದ್ದರು. ಅವ್ವ ಅವರನ್ನು ಒಳಗೆ ಕರೆಯಲಿಲ್ಲ. ಈ ಮನೆಗೆ ಬಂದ ಮೇಲೆ ಅತ್ತೆ ಮಂದಿಯ ನಡುವೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೈತುಂಬ ಏಣಿರುವ ಆ ದುಂಡು ಗಿಡ ಕಾಕುವಿನ ಕಣ್ಣಿಗೆ ಲಿಂಗದಂತೆ ಕಂಡಿತ್ತು, ದಿನವೂ ಅದಕ್ಕೆ ನೀರೆರೆಯುತ್ತಿದ್ದ ಅತ್ತೆ ಅದರ ಪೂಜಾರಿಯಾಗಿದ್ದರು.

ಅಪ್ಪ ಊಟಕ್ಕೆ ಕೂತಾಗ ಗೊಣಗಿದರು. "ಕೊರಳಾಗ ಲಿಂಗ ಕಟ್ಟಿಕೊಂಡು ಕಳ್ಳಿಗಿ ಹಾಲ ಎರೀತಾರು. ಇವರಿಗೆ ಯಾವ ಧರ್ಮ?" ಗೊಣಗಿದರೇ ಹೊರತು ಎದ್ದು ಹೋಗಿ ಬೇಡವೆನ್ನಲಿಲ್ಲ. ಬಂದವರಲ್ಲಿ ಅವರ ಗಿರಾಕಿಗಳ ಹೆಂಡಂದಿರಿದ್ದರು.

ಮಾರನೆಯ ದಿನ ಬಂದವರೆಲ್ಲ ಹೋದ ಮೇಲೆ ನಾನು ಕುಂಡದ ಮುಂದೆ ಕೂತೆ. ಹಾಲಿನ ಕೆನೆ ಮಣ್ಣಿನ ಮೇಲೆ ಹಳದಿ ಚರ್ಮದಂತೆ ಕಟ್ಟಿಕೊಂಡಿತ್ತು. ಕೈ ಬೀಸಿದರೆ ಸಣ್ಣ ಕರಿ ನೊಣಗಳು ಮೋಡದಂತೆ ಏಳುತ್ತಿದ್ದವು. ಹೂ ಕಿತ್ತು, ಒದ್ದೆ ವಿಭೂತಿ ಒರೆಸಿ ನೋಡಿದೆ. ಗಿಡದ ನೆತ್ತಿ ಮಾತ್ರ ಹಸಿರಾಗಿತ್ತು. ನಡು ಬಿಳಚಿಕೊಂಡು ಸೊರಗಿ, ಬುಡ ಬೇಯಿಸಿದ ಬದನೆಕಾಯಿಯಂತೆ ಕಂದಾಗಿ, ನೀರು ತುಂಬಿ ಹೊಳೆಯುತ್ತಿತ್ತು. ಮುಳ್ಳು ತಪ್ಪಿಸಿ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಸೀರೆಯ ಸೆರಗಿಗೆ ಕೈ ಒರೆಸುವವಳಲ್ಲ ನಾನು. ಎದ್ದು ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದು ಬಂದೆ.

"ಎಷ್ಟ ದಿನಾತು ಹಿಂಗಾಗಿ?"

ಅತ್ತೆ ಕಂಬ ಹಿಡಿದು ನಿಂತಿದ್ದರು. "ಮ್ಯಾಲ ಸೊರಗಾಕತ್ತಿತ್ತು ತಂಗಿ. ನೀರ ಸಾಲವಲ್ದು ಅಂತ ಇನ್ನಷ್ಟ ಹಾಕಿದ್ನಿ."

ಎಲ್ಲರೂ ಮಾಡುವುದು ಇದನ್ನೇ. ಬೇರು ಕೊಳೆತ ಗಿಡ ನೀರು ಕುಡಿಯಲಾರದು. ಕುಡಿಯದ ಗಿಡ ಬಾಯಾರಿದ ಗಿಡದಂತೆಯೇ ಸೊರಗುತ್ತದೆ. ಅದನ್ನು ಕಂಡವರು ಅಯ್ಯೋ ಎಂದು ಮತ್ತೊಂದು ತಂಬಿಗೆ ಸುರಿಯುತ್ತಾರೆ. ಒಣಗಿ ಸೊರಗಿದ್ದು ಗಟ್ಟಿಯಾಗಿರುತ್ತದೆ, ಕೊಳೆತು ಸೊರಗಿದ್ದು ಮೆತ್ತಗಾಗಿರುತ್ತದೆ. ಮುಟ್ಟಿ ನೋಡಿದರೆ ಸಾಕು. ಯಾರು ಮುಟ್ಟುತ್ತಾರೆ? ದೂರದಿಂದ ಕೈ ಮುಗಿಯುವುದು ಸುಲಭ.

ಕುಂಡವನ್ನು ಎತ್ತಹೋದೆ. ಬೀಸುಕಲ್ಲಿನಷ್ಟು ಭಾರ. ಇಷ್ಟು ನೀರು ಬಿದ್ದರೂ ಕೆಳಗಿನ ಮಣೆ ಒಣಗಿತ್ತು, ಅದೇ ನನಗೆ ಸಂಶಯ ಹುಟ್ಟಿಸಿತು. ಓರೆ ಮಾಡಿ ತಳ ನೋಡಿದೆ. ತೂತು ಇರಲಿಲ್ಲ. ಇದ್ದ ಜಾಗದಲ್ಲಿ ಸುಣ್ಣ ಮೆತ್ತಿದ ಅರಿವೆಯ ಬಿರಡೆ.

"ಇದೇನ್ರಿ ಅತ್ತಿ?"

"ತೂತಿಲೆ ನೀರ ಇಳದ ಪಡಸಾಲಿಗಿ ಹರೀತಿತ್ತು. ಮಂದಿ ತುಳಕೋಂತ ಅಡ್ಡಾಡ್ತಿದ್ರು. ಲಿಂಗದ ನೀರ ತುಳೀಬಾರ್ದಲ್ಲ ತಂಗಿ. ಅದಕ್ಕ ನಾನ ಅರಿವಿ ಹೆಟ್ಟಿ ಸುಣ್ಣಾ ಮೆತ್ತೀನಿ."

ಎಷ್ಟು ಭಕ್ತಿಯಿಂದ, ಎಷ್ಟು ಅಚ್ಚುಕಟ್ಟಾಗಿ ಮೆತ್ತಿದ್ದರೆಂದರೆ ಒಂದು ಹನಿ ಹೊರಬಂದಿರಲಿಲ್ಲ. ಗಿಡವನ್ನು ಭದ್ರವಾದ ಬಾವಿಯಲ್ಲಿ ನಿಲ್ಲಿಸಿದಂತಾಗಿತ್ತು. ಹಿತ್ತಲಿಗೆ ಒಯ್ದು ಬಿರಡೆ ಕಿತ್ತೆ. ಕರಿ ನೀರು ಭಸಕ್ಕನೆ ಹಾರಿತು. ಅಂಥ ವಾಸನೆಯನ್ನು ನಾನು ಅದಕ್ಕೆ ಮೊದಲು ಮೂಸಿರಲಿಲ್ಲ, ಆಮೇಲೂ ಮೂಸಿಲ್ಲ. ಸತ್ತ ಇಲಿ, ಕೆಟ್ಟ ಮಜ್ಜಿಗೆ, ಮಳೆಯಲ್ಲಿ ಕೊಳೆತ ಮೇವು, ಎಲ್ಲ ಸೇರಿದಂತೆ. ಅದರೊಳಗೆ ಬಿಳಿ ಹುಳಗಳು ನುಲಿಯುತ್ತಿದ್ದವು. ಪಕ್ಕದ ಗೋಡೆಯ ಮೇಲಿದ್ದ ಬೆಕ್ಕು ಎದ್ದು ಹೋಯಿತು. ದೇವರೆಂದು ಕರೆದು, ಕೈ ಮುಗಿದು, ಇಂಥದ್ದರಲ್ಲಿ ಅದ್ದಿ ಇಡುವುದಕ್ಕೆ ಏನೆನ್ನಬೇಕು?

ಅವ್ವ ಮೂಗು ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಗಿಡ ನೋಡಿದಳು, ಅತ್ತೆಯನ್ನು ನೋಡಿದಳು. ಅತ್ತೆ ಬೂದಿ ತರಲು ಒಳಗೆ ಹೋದ ಕೂಡಲೇ ದನಿ ಇಳಿಸಿದಳು.

"ಎದುರುಮನಿಯಾಕಿ ಆಗಲೇ ಅನ್ನಾಕತ್ತಾಳು. ಗಂಡ ಸತ್ತಾಕಿ ಕೈಯಾಗ ದೇವರ ಕೊಳ್ಯಾಕತ್ತೈತಿ ಅಂತ. ನಿಮ್ಮಣ್ಣನ್ನ ನೋಡಾಕ ಕಣಗಲಾ ಊರಿಂದ ಹೆಣ್ಣಿನವರು ಬರೂದೈತಿ. ಈ ಸುದ್ದಿ ಅವರ ಕಿವಿಗಿ ಬಿದ್ರ? ನಾ ತುಕ್ಕಾನಟ್ಟಿಗಿ ಹೇಳಿ ಕಳಿಸೇನಿ. ಮದಿವಿ ಮುಗಿಯೂ ಮಟಾ ನಿಮ್ಮತ್ತಿ ಅಲ್ಲೇ ಇರ್ಲಿ."

"ಅಲ್ಲೆಂದ್ರ ದನದ ಕೊಟಗಿಯಾಗೇನು?"

"ನಾ ಏನ ಮಾಡ್ಲಿ? ನನಗ ಮಗನ ಮದಿವಿ ಆಗಬೇಕು."

ನಿನ್ನೆ ಇದೇ ಅವ್ವ ಅತ್ತೆಯ ಕೈಯಿಂದ ವಿಭೂತಿ ಇಸಿದುಕೊಂಡು ಹಣೆಗಿಟ್ಟುಕೊಂಡಿದ್ದಳು. ಕುಂಡದೊಳಗಿನ ಹುಳ ಕಂಡಾಗ ಹೇಸಿದ್ದಕ್ಕಿಂತ ನಾನು ಆ ಮಾತಿಗೆ ಹೆಚ್ಚು ಹೇಸಿದೆ. ಮದುವೆ ಮುಗಿಯುವವರೆಗೆ ಎಂದರೆ ಎಂದೆಂದಿಗೂ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಗಿಡ ಉಳದ್ರ?"

"ಉಳದ್ರ ಯಾರ ಬಾಯಿ ಯಾಕ ತೆರೀತಾರು. ಉಳ್ಯಾಕಿಲ್ಲ ಅದು. ಹೆಣ ನಾರಿದಂಗ ನಾರಾಕತ್ತೈತಿ," ಎಂದು ಅವ್ವ ಒಳಗೆ ಹೋದಳು.

ಅತ್ತೆ ಬೂದಿಯ ಬುಟ್ಟಿ ಹಿಡಿದು ಬಾಗಿಲ ಮರೆಯಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅಳಲಿಲ್ಲ. ಬುಟ್ಟಿ ಕೆಳಗಿಟ್ಟು, "ಏನ ಮಾಡಬೇಕ ಹೇಳ ತಂಗಿ," ಎಂದರು.

ನಾನು ಚೂರಿಯನ್ನು ಕಲ್ಲಿಗೆ ಮಸೆದು ಕುದಿಯುವ ನೀರಲ್ಲಿ ಅದ್ದಿದೆ. ಗಿಡವನ್ನು ಗೋಣಿತಟ್ಟಿನಲ್ಲಿ ಹಿಡಿದು ಎಳೆದರೆ ಬೇರು ಬರಲಿಲ್ಲ, ಬುಡದ ಲೋಳೆ ಕುಂಡದಲ್ಲೇ ಉಳಿಯಿತು. ಚಪ್ಪರದ ಕೆಳಗೆ ಹಲಗೆ ಹಾಕಿ, ಸೌತೆಕಾಯಿ ಹೆಚ್ಚಿದಂತೆ ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋದೆ. ಮೊದಲ ಬಿಲ್ಲೆಗಳು ಬಿಲ್ಲೆಗಳೇ ಅಲ್ಲ, ಕಂದು ಅಂಬಲಿ. ಆಮೇಲೆ ತಿರುಳು ಗಟ್ಟಿಯಾಯಿತು, ಆದರೆ ನಟ್ಟ ನಡುವೆ ಕಂದು ಬಳೆಯೊಂದು ಕಾಣುತ್ತಿತ್ತು. ರೋಗ ಮೇಲೆ ಹತ್ತುವುದು ಆ ನಡುವಿನಿಂದಲೇ. ಒಂದೊಂದು ಕೊಯ್ತಕ್ಕೂ ಚೂರಿ ಒರೆಸಿ ಬಿಸಿನೀರಿಗೆ ಅದ್ದುತ್ತಿದ್ದೆ. ಇಲ್ಲದಿದ್ದರೆ ಕೊಳೆತದ್ದನ್ನು ನಾವೇ ಒಳ್ಳೆಯದಕ್ಕೆ ಹಚ್ಚಿದಂತೆ.

"ಸಾಕ ಬಿಡ ತಂಗಿ," ಎಂದರು ಅತ್ತೆ. "ಪೂರಾ ಹೋಗತೈತಿ."

"ಕಂದ ಚುಕ್ಕಿ ಒಂದ ಉಳದ್ರೂ ಪೂರಾ ಹೋಗತೈತ್ರಿ. ಗಟ್ಟಿಯಾಗಿ ಹಿಡೀರಿ."

ಹಿಡಿದರು. ಗೋಣಿ ದಾಟಿ ಮುಳ್ಳು ಅವರ ಅಂಗೈಗೆ ಚುಚ್ಚಿಕೊಂಡವು, ಕೈ ಬಿಡಲಿಲ್ಲ. ಕೊನೆಗೊಮ್ಮೆ ತಿರುಳು ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣಕ್ಕೆ ಬಂತು, ಎಳೆಯ ಸೋರೆಕಾಯಿಯ ಬಣ್ಣ. ತೆಂಗಿನಕಾಯಿಯಷ್ಟಿದ್ದದ್ದು ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಟೊಪ್ಪಿಗೆಯಾಗಿ ಉಳಿಯಿತು. ಗಾಯಕ್ಕೆ ಇದ್ದಿಲ ಪುಡಿ ಹಾಕಲು ನಾನು ಎದ್ದಾಗ ಅತ್ತೆ, "ವಿಭೂತಿ ಹಚ್ಲೇನು?" ಎಂದು ಕೇಳಿದರು.

"ಹಚ್ಚ್ರಿ. ಒಣದು. ನೀರಾಗ ಕಲಸಿದ್ರ ನಾ ಈಗಲೇ ಹುಕ್ಕೇರಿಗಿ ಹೋಗ್ತೀನಿ."

ಅಂಥ ಹೊತ್ತಿನಲ್ಲೂ ಅವರಿಗೆ ನಗು ಬಂತು.

ಕೊಯ್ದ ಗಾಯ ಒಣಗಿ ತೊಗಲು ಕಟ್ಟುವವರೆಗೆ ಮಣ್ಣು ತೋರಿಸಬಾರದು. ಆದರೆ ಶ್ರಾವಣದಲ್ಲಿ ಒಣಗಿದ ಜಾಗ ಎಲ್ಲಿಂದ ತರುವುದು? ಉಪ್ಪು ನೀರಾಗುವ ಕಾಲ. ಮನೆಯಲ್ಲಿ ಬೆಚ್ಚಗಿದ್ದದ್ದು ಅಡುಗೆಮನೆ ಒಂದೇ. ಒಲೆಗೆ ತುಸು ದೂರದಲ್ಲಿ, ಬೆಣ್ಣೆ ಗಡಿಗೆ ತೂಗುಹಾಕುವ ನೆಲುವಿನಲ್ಲಿ, ಒಣ ಬುಟ್ಟಿಯೊಳಗೆ ಅದನ್ನು ಮಲಗಿಸಿದೆವು. ಅವ್ವ ಸೌಟು ಎತ್ತಿ ಕೂಗಾಡಿದಳು. ನಾರುವ ಗಿಡ ಅನ್ನದ ಮೇಲೆ ತೂಗಬೇಕೇ ಎಂದಳು. ಮೂಸಿ ನೋಡೆಂದು ಬುಟ್ಟಿಯನ್ನು ಮೂಗಿಗೆ ಹಿಡಿದೆ. ಕೊಳೆತದ್ದನ್ನು ಪೂರ್ತಿ ತೆಗೆದರೆ ನಾತ ಉಳಿಯುವುದಿಲ್ಲ. ಅವಳು ಸೌಟು ಇಳಿಸಿದಳು.

ಕುಂಡದ ಮಣ್ಣನ್ನು ಊರಾಚೆಯ ತಿಪ್ಪೆಗೆ ಕಳಿಸಿ, ಕುಂಡವನ್ನು ಬೂದಿಯಿಂದ ತಿಕ್ಕಿ, ಕುದಿನೀರು ಹೊಯ್ದು, ಒಲೆಯ ಪಕ್ಕ ಬೋರಲು ಹಾಕಿದೆ. ತಳದ ತೂತನ್ನು ಮೊಳೆಯಿಂದ ಕೆತ್ತಿ ಇನ್ನಷ್ಟು ಅಗಲ ಮಾಡಿದೆ. ಹೊಳೆಯ ದಪ್ಪ ಮರಳು, ಹಂಚಿನ ಚೂರು, ಒಂದು ಹಿಡಿ ಹಳೆಯ ಗೊಬ್ಬರ. ಕಳ್ಳಿಗೆ ಇದಕ್ಕಿಂತ ಹೆಚ್ಚಿನ ಭೋಜನ ಬೇಡ.

ಮರುದಿನ ಬೆಳಿಗ್ಗೆ ಹೆಂಗಸರು ಬಂದರು. ಮಣೆ ಬರಿದಾಗಿತ್ತು.

"ದೇವರ ಎಲ್ಲೈತಿ?" ಎಂದಳು ಕಾಕು.

ನಾನು ಮುಂದೆ ಬಂದು ತರಗತಿಯಲ್ಲಿ ಹೇಳುವಂತೆ ಹೇಳಿದೆ: ಅದು ಗಿಡ, ಒಣ ನಾಡಿನ ಗಿಡ, ಮೈಯಲ್ಲೇ ನೀರು ತುಂಬಿಟ್ಟುಕೊಳ್ಳುತ್ತದೆ, ಬೇರಿಗೆ ಗಾಳಿ ಬೇಕು, ನೀವೆಲ್ಲ ಸೇರಿ ಅದನ್ನು ಕೊಳೆಸಿದ್ದೀರಿ. ಒಬ್ಬಳೂ ಕೇಳಲಿಲ್ಲ. ಕಾಕು ತನ್ನ ಪಕ್ಕದವಳ ಕಡೆ ತಿರುಗಿ, "ಅಕ್ಕೋರು ಕಲತದ್ದ ಜಾಸ್ತಿ ಆಗೇತಿ. ದೇವರಿಗೂ ಸಾಲಿ ಕಲಸ್ತಾರ," ಎಂದಳು. ಆಮೇಲೆ ಅತ್ತೆಯ ಕಡೆ ಕೈ ಚಾಚಿ, ಎಲ್ಲರಿಗೂ ಕೇಳಿಸುವಂತೆ, "ಕೊಳೀತ ಹೌದಿಲ್ಲೋ? ನಾ ಹೇಳಿರ್ಲಿಲ್ಲ?" ಎಂದಳು.

ಯಾರೂ ಮನೆಗೆ ತಿರುಗಲಿಲ್ಲ. ದೇವರಿಗೆಂದು ತಂದ ನೀರನ್ನು ಮರಳಿ ಒಯ್ಯುವಂತಿಲ್ಲ. ತುಂಬಿದ ತಂಬಿಗೆ ಹಿಡಿದು, ಸಿಟ್ಟಾಗಿ, ಪಡಸಾಲೆಯಲ್ಲೇ ನಿಂತರು. ನೀರು ತುಳುಕಿ ನೆಲಕ್ಕೆ ಬೀಳುತ್ತಿತ್ತು. ಅವ್ವ ಒಳಬಾಗಿಲಲ್ಲಿ ನಿಂತು ಅತ್ತೆಯನ್ನು ಕೊಲ್ಲುವಂತೆ ನೋಡುತ್ತಿದ್ದಳು.

ಅತ್ತೆ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಒಡೆದ ಒರಳಿನ ಗುಂಡುಕಲ್ಲು ಬಿದ್ದಿತ್ತು. ಅದನ್ನು ತೊಳೆದು ತಂದು, ಹಿಟ್ಟು ನಾದುವ ದೊಡ್ಡ ಪರಾತದಲ್ಲಿಟ್ಟು, ಆ ಪರಾತವನ್ನು ಮಣೆಯ ಮೇಲಿಟ್ಟು, ಒಂದು ಬೆರಳು ವಿಭೂತಿ ಎಳೆದರು.

"ಗಿಡಕ್ಕ ನೀರ ಸಾಕಾಗೇತ್ರಿ," ಎಂದರು. "ಅದನ್ನ ಒಳಗ ಮಲಗಿಸೇನಿ. ಇನ್ನ ಅದಕ್ಕ ಹಾಕಗೊಡಂಗಿಲ್ಲ. ನಿಮಗ ಹಾಕೂದ ಐತಿ ಅಂದ್ರ ಇಲ್ಲೊಂದ ಗುಂಡ ಐತಿ. ಇದಕ್ಕ ಹಾಕ್ರಿ."

ಒಬ್ಬ ಮುದುಕಿ ಮುಂದೆ ಬಂದಳು, ತಂಬಿಗೆ ಬಗ್ಗಿಸಿದಳು, ಕೈ ಮುಗಿದಳು, ವಿಭೂತಿ ಇಸಿದುಕೊಂಡಳು. ಎರಡನೆಯವಳು ಬಂದಳು. ಮೂರನೆಯವಳು ಬಂದಳು. ಕಾಕು ಕೂಡ, ಸ್ವಲ್ಪ ತಡೆದು, ತನ್ನದನ್ನೂ ಸುರಿದಳು. ಭಾರದ ತಂಬಿಗೆ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾಳೆ? ಒಬ್ಬಳ ಮುಖದಲ್ಲೂ ವ್ಯತ್ಯಾಸ ಕಾಣಲಿಲ್ಲ. ಇಷ್ಟು ದಿನ ಅವರು ಆ ಗಿಡವನ್ನು ನೋಡಿಯೇ ಇರಲಿಲ್ಲ. ಬೆಳ್ಳುಳ್ಳಿ ಚಟ್ನಿ ಅರೆದ ಕಲ್ಲಿಗೂ ಅದಕ್ಕೂ ಅವರಿಗೆ ಭೇದವಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಂಬಿಗೆ ಖಾಲಿ ಮಾಡಲು ಒಂದು ಜಾಗ, ಆಮೇಲೆ ಕೂತು ಮಾತಾಡಲು ಒಂದು ಪಡಸಾಲೆ. ನನಗೆ ಕುಂಡದ ನಾತಕ್ಕಿಂತ ಇದು ಹೆಚ್ಚು ಅಸಹ್ಯವಾಯಿತು. ಅತ್ತೆಗೆ ಆಗಲಿಲ್ಲ. ಅವರು ಶಾಂತವಾಗಿ ಪರಾತದ ನೀರನ್ನು ಒಯ್ದು ಬಾಳೆಯ ಬುಡಕ್ಕೆ ಹೊಯ್ದು ಬಂದರು. ಬಾಳೆ ಎಷ್ಟಾದರೂ ಕುಡಿಯುತ್ತದೆ.

ದೀಪಾವಳಿಗೆ ನಾನು ಮತ್ತೆ ಬಂದಾಗ ಕಲ್ಲು ಅಲ್ಲೇ ಇತ್ತು, ಹೆಂಗಸರೂ ಇದ್ದರು. ಕಣಗಲಾದವರು ಬಂದು ಹೋಗಿದ್ದರು. ಹುಡುಗಿಯ ಅಜ್ಜಿ ಸ್ವತಃ ಒಂದು ತಂಬಿಗೆ ಸುರಿದು, ಅತ್ತೆಯ ಕೈಯಿಂದ ವಿಭೂತಿ ಹಚ್ಚಿಸಿಕೊಂಡು, ದೈವಭಕ್ತರ ಮನೆ ಎಂದು ಹೊಗಳಿ ಮಾತು ಮುಗಿಸಿದ್ದರಂತೆ. ಗಿಡ ಹೊರಕಟ್ಟೆಯ ಮೇಲೆ, ಎಳೆಬಿಸಿಲು ಬೀಳುವ ಕಡೆ, ಸೂರಿನ ಕೆಳಗೆ ಕೂತಿತ್ತು. ಒಣ ಮರಳಲ್ಲಿ ಇಟ್ಟ ಮೇಲೆ ಬೇರು ಬಿಡುವವರೆಗೆ ಅತ್ತೆ ಒಂದು ಹನಿಯನ್ನೂ ಹಾಕಿರಲಿಲ್ಲ. ಬೆರಳಿಂದ ಮೆಲ್ಲನೆ ಅಲುಗಿಸಿದೆ, ಅಲುಗಲಿಲ್ಲ. ನೆತ್ತಿಯಲ್ಲಿ ಹೊಸ ಮುಳ್ಳು ಹೊಂಬಣ್ಣದಲ್ಲಿ ಎದ್ದಿದ್ದವು.

ನಾನಿದ್ದಾಗಲೇ ತುಕ್ಕಾನಟ್ಟಿಯ ಮೈದುನ ಬಂಡಿ ಹೂಡಿಕೊಂಡು ಬಂದ. ಪಂಚಮಿಯಲ್ಲಿ ಅವ್ವ ಹೇಳಿ ಕಳಿಸಿದ್ದಕ್ಕೆ ಆಗ ಅವನಿಗೆ ಪುರುಸೊತ್ತಾಗಿರಲಿಲ್ಲ. ಈಗ ಶೇಂಗಾ ಕೀಳುವ ಸುಗ್ಗಿ, ಆಳುಗಳಿಗೆ ರೊಟ್ಟಿ ಬಡಿಯಲು ಕೈ ಬೇಕಾಗಿತ್ತು.

"ಅತ್ತಿಗೀನ ಕರ್ಕೊಂಡ ಹೋಗಾಕ ಬಂದೀನ್ರಿ," ಎಂದು ಕಟ್ಟೆಯ ಮೇಲೆ ಕೂತ, ಕಳ್ಳಿಯ ಕುಂಡದ ಪಕ್ಕದಲ್ಲೇ.

ಅವ್ವ ಸೆರಗು ಸರಿಪಡಿಸಿಕೊಂಡು ಬಂದಳು. "ಅಯ್ಯ, ಅಕ್ಕಾರನ್ನ ಕಳಸೂದ ಹೆಂಗಾಗತೈತ್ರಿ? ಮುಂಜಾನೆದ್ರ ಇಷ್ಟ ಮಂದಿ ಬರ್ತಾರು. ಅವರಿಲ್ಲಂದ್ರ ಯಾರ ನೋಡ್ಕೋಬೇಕು? ಮ್ಯಾಲ ಮನ್ಯಾಗ ಮದಿವಿ ಬ್ಯಾರೆ ಐತಿ."

ಅದೇ ಬಾಯಿ. ನಾನು ಮುಖ ಆಚೆ ತಿರುಗಿಸಿಕೊಂಡೆ.

"ನೀವ ಹೇಳಿ ಕಳಿಸಿದ್ರೆಲ್ಲ?" ಎಂದ ಮೈದುನ.

"ಅದು ಆವಾಗ."

ಅತ್ತೆ ಒಳಗಿನಿಂದ ನೀರು, ಬೆಲ್ಲ ತಂದು ಅವನ ಮುಂದಿಟ್ಟರು. ಅವನು ಬೆಲ್ಲ ಕಡಿದು, ತಂಬಿಗೆ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಉಳಿದ ನೀರನ್ನು ಎಲ್ಲರೂ ಮಾಡುವಂತೆ ಪಕ್ಕದ ಕುಂಡಕ್ಕೆ ಚೆಲ್ಲಲು ಕೈ ಓರೆ ಮಾಡಿದ.

ಅತ್ತೆ ಅವನ ಮುಂಗೈಯನ್ನು ಗಪ್ಪನೆ ಹಿಡಿದರು. ಆ ಮನುಷ್ಯನ ಮುಂದೆ ಅವರು ತಲೆ ಎತ್ತಿದ್ದನ್ನೇ ಯಾರೂ ಕಂಡಿರಲಿಲ್ಲ.

"ಅದಕ್ಕ ಬ್ಯಾಡ," ಎಂದರು. "ನೀರ ಹೆಚ್ಚಾದ್ರ ಕೊಳೀತೈತಿ. ಏಳ, ಬಂಡಿ ಹೂಡ. ಹೊತ್ತ ಮುಳುಗೂದ್ರಾಗ ಊರ ಮುಟ್ಟಬೇಕಲ್ಲ ನೀನು."

ಅವನು ಬಂಡಿ ಹೂಡಿದ. ಅತ್ತೆ ಅವನ ಕೈಯಿಂದ ಇಸಿದುಕೊಂಡ ತಂಬಿಗೆಯನ್ನು ಬೀದಿಗೆ ಬಗ್ಗಿಸಿ, ಕೊನೆಯ ಹನಿಯನ್ನೂ ಕೊಡವಿ, ಬೋರಲು ಹಾಕಿ ಒಳಗೆ ಹೋದರು.